ಒಂಬತ್ತು ಗಂಟೆಯ ದನಿ

ಪ್ರಪಂಚದಲ್ಲಿ ಬಗೆಹರಿಯದ ರಹಸ್ಯಗಳಿಗೆ ಬರವಿಲ್ಲ. ಒಬ್ಬ ನಾವಿಕನೂ ಇಲ್ಲದೆ, ಬಿಸಿ ಆರದ ಚಹಾದ ಲೋಟಗಳನ್ನು ಹೊತ್ತು ತೇಲುತ್ತಿದ್ದ ಹಡಗು. ಮೋಡದೊಳಗೆ ನುಗ್ಗಿ ಆಚೆ ಬದಿಯಿಂದ ಹೊರಗೆ ಬಾರದ ವಿಮಾನ. ಇಂಥವನ್ನೆಲ್ಲ ಒಟ್ಟುಹಾಕಿ ಮಾರುವ ದಪ್ಪ ಪುಸ್ತಕಗಳಲ್ಲಿ ಹಡಗಿಗೂ ವಿಮಾನಕ್ಕೂ ನಡುವೆ ಏಳು ಪುಟದ ಒಂದು ಅಧ್ಯಾಯ ಇದ್ದೇ ಇರುತ್ತದೆ: ಗುಡ್ಡದ ಮೇಲಿನ ಹವಾಮಾನ ಕೇಂದ್ರದ ವೀಕ್ಷಕ. ಆ ಏಳು ಪುಟಗಳನ್ನು ಗಿಣಿ ಮೂವತ್ತೊಂದು ವರ್ಷಗಳಲ್ಲಿ ಒಮ್ಮೆಯೂ ಪೂರ್ತಿ ಓದಿರಲಿಲ್ಲ. ಅದರಲ್ಲಿ ಕಾಣೆಯಾದವನು ಅವನ ಭಾವ, ಒಡಹುಟ್ಟಿದ ಅಕ್ಕನ ಗಂಡ.

ಗಿಣಿ ಎಂದರೆ ಪಂಜರದ ಹಕ್ಕಿಯಲ್ಲ. ಅರವತ್ತೇಳು ದಾಟಿದ, ಮೇಲ್ಸಾಲಿಗೆ ಕಟ್ಟಿಸಿದ ಹಲ್ಲು ತೊಟ್ಟ, ನಿವೃತ್ತ ಟೆಲಿಫೋನ್ ಆಪರೇಟರ್. ಚಿಕ್ಕಂದಿನಿಂದಲೂ ಯಾರ ದನಿ ಕಿವಿಗೆ ಬಿದ್ದರೂ ಅದು ಅವನ ಗಂಟಲಿಗೆ ಅಂಟಿಕೊಳ್ಳುತ್ತಿತ್ತು. ಹೆಡ್‌ಮೇಷ್ಟರ ದನಿಯಲ್ಲಿ ಶಾಲೆಗೆ ರಜೆ ಸಾರಿ, ಹೆಡ್‌ಮೇಷ್ಟರ ಕೈಯಲ್ಲೇ ಒದೆ ತಿಂದವನು. ಈಗಲೂ ಪೋಸ್ಟಿನವನಿಂದ ಹಿಡಿದು ಪಶುವೈದ್ಯನವರೆಗೆ ಯಾರನ್ನು ಬೇಕಾದರೂ ಮಾಡಿ ತೋರಿಸುತ್ತಿದ್ದ, ಒಬ್ಬನನ್ನು ಬಿಟ್ಟು. ಭಾವನ ದನಿ ಮಾಡು ಎಂದು ಯಾರಾದರೂ ಕೇಳಿದರೆ, "ಸತ್ತವರದ್ದು ಮಾಡಬಾರದು" ಎನ್ನುತ್ತಿದ್ದ. ಕೇಳಿದವರು ನಾಲಗೆ ಕಚ್ಚಿಕೊಳ್ಳುತ್ತಿದ್ದರು. ಅಕ್ಕ ಮಾತ್ರ ಸೂಜಿಗೆ ದಾರ ಪೋಣಿಸುತ್ತಲೇ, "ಸತ್ತರು ಅಂತ ನಿಂಗ್ಯಾರು ಹೇಳಿದ್ರು?" ಎನ್ನುತ್ತಿದ್ದಳು.

ಆ ಏಳು ಪುಟಗಳ ಸಾರ ಇಷ್ಟು. ಗುಡ್ಡದ ನೆತ್ತಿಯಲ್ಲಿ ಒಂದು ಕೋಣೆ. ಅಲ್ಲಿ ಒಬ್ಬನೇ ವೀಕ್ಷಕ, ವಾರಕ್ಕೊಬ್ಬರಂತೆ ಸರದಿ. ಮೂರು ಗಂಟೆಗೊಮ್ಮೆ ಚಳಿ, ಗಾಳಿ, ಮೋಡ, ಮಳೆ ನೋಡಿ, ರಿಜಿಸ್ಟರಿನಲ್ಲಿ ಬರೆದು, ಫೋನಿನಲ್ಲಿ ಕೆಳಗೆ ಹೇಳಬೇಕು. ಆ ಕರೆಗಳೆಲ್ಲ ಮುಖ್ಯ ಕಚೇರಿಯಲ್ಲಿ ಟೇಪಿಗೆ ಇಳಿಯುತ್ತಿದ್ದವು. ಒಂದು ದಿನ ಬೆಳಿಗ್ಗೆ ಆರರ ಕರೆ ಬಂತು. ಒಂಬತ್ತರ ಕರೆಯೂ ಬಂತು. ಹನ್ನೆರಡರದ್ದು ಬರಲಿಲ್ಲ. ಜನ ಹತ್ತಿ ಹೋಗಿ ನೋಡಿದರೆ ಕೋಣೆ ಖಾಲಿ. ದೀಪ ಉರಿಯುತ್ತಿತ್ತು, ಕನ್ನಡಕ ರಿಜಿಸ್ಟರಿನ ಮೇಲಿತ್ತು. ಟಾರ್ಚೂ ಮಳೆಕೋಟೂ ಇರಲಿಲ್ಲ. ಆರು ಗಂಟೆಯ ಅಂಕಿಗಳನ್ನು ಅಚ್ಚುಕಟ್ಟಾಗಿ ಬರೆದಿತ್ತು. ಒಂಬತ್ತರ ಸಾಲು ಖಾಲಿ. ಆದರೆ ಟೇಪಿನಲ್ಲಿ ಒಂಬತ್ತು ಗಂಟೆಗೆ ಅವನ ದನಿ, ಒಮ್ಮೆ ಗಂಟಲು ಸರಿಮಾಡಿಕೊಂಡು, ನಿಚ್ಚಳವಾಗಿ ಹೇಳಿತ್ತು: "ಆಕಾಶ ನಿರ್ಮಲ. ನೋಟ ದೂರದವರೆಗೆ. ಗಾಳಿ ಪಶ್ಚಿಮದಿಂದ, ಮಂದ. ಎಲ್ಲ ಸುಸೂತ್ರ."

ಆ ಬೆಳಿಗ್ಗೆ ಗುಡ್ಡದ ಮೇಲೆ ಮುಂಗೈ ಕಾಣದಷ್ಟು ಮಂಜು ಕವಿದಿತ್ತು ಎಂಬುದಕ್ಕೆ ತಪ್ಪಲಿನ ಊರೆಲ್ಲ ಸಾಕ್ಷಿ.

ನಾಲ್ಕನೆಯ ದಿನ, ಪೂರ್ವದ ಕಡೆಯ ಕಡಿದಾದ ಬದಿಯಲ್ಲಿ, ಮೂವತ್ತು ಅಡಿ ಕೆಳಗಿನ ಹೊರಚಾಚಿದ ಒಂದು ಬಂಡೆಯ ಮೇಲಿದ್ದ ಪೊದೆಯಲ್ಲಿ ಕೋಟು ಸಿಕ್ಕಿತು. ಅದರ ಕೆಳಗೆ ತುಂಬಿ ಹರಿಯುವ ಹೊಳೆ. ಮನುಷ್ಯ ಸಿಗಲೇ ಇಲ್ಲ.

ಮಂಜಿನೊಳಗೆ ಕೂತವನಿಗೆ ನಿರ್ಮಲ ಆಕಾಶ ಎಲ್ಲಿಂದ ಕಂಡಿತು? ಬರೆಯದ ಅಂಕಿಗಳನ್ನು ಅವನು ಯಾವ ಪುಟದಿಂದ ಓದಿದ? ಹಾಡಹಗಲಲ್ಲಿ ಹೋದವನಿಗೆ ಟಾರ್ಚೇಕೆ? ಇವಕ್ಕೆ ಉತ್ತರ ಹುಡುಕಿ ಎಷ್ಟು ಜನ ಹೊಟ್ಟೆ ಹೊರೆದುಕೊಂಡರೆಂದರೆ, ಭಾವ ಇದ್ದಾಗ ಸಾಕಿದ್ದಕ್ಕಿಂತ ಹೆಚ್ಚು ಸಂಸಾರಗಳನ್ನು ಇಲ್ಲದಾಗ ಸಾಕಿದ ಎಂದು ಗಿಣಿ ತನ್ನೊಳಗೇ ಹೇಳಿಕೊಳ್ಳುತ್ತಿದ್ದ. ಆ ಊರಿನಲ್ಲಿ ಇದರ ಗುತ್ತಿಗೆ ಇಬ್ಬರದ್ದು. ಒಬ್ಬರು, ಪತ್ರಿಕೆಯಲ್ಲಿ ಅಂಕಣ ಬರೆಯುವ ನಿಗೂಢರಾಯರು. ಊರು ಕೊಟ್ಟ ಹೆಸರು ಅದು. ಅವರು ಬೇಸರಪಟ್ಟುಕೊಳ್ಳದೆ ಲೆಟರ್‌ಹೆಡ್ಡಿನಲ್ಲೇ ಅಚ್ಚು ಹಾಕಿಸಿಕೊಂಡಿದ್ದರು. ಅವರ ಪ್ರಕಾರ ವೀಕ್ಷಕ ಮಂಜಿನಲ್ಲಿ ನಡೆಯುತ್ತ ನಡೆಯುತ್ತ ಇನ್ನೊಂದು ಲೋಕಕ್ಕೆ ದಾಟಿಹೋದ. ಒಂಬತ್ತರ ಕರೆ ಅಲ್ಲಿಂದ ಬಂದದ್ದು. ಇನ್ನೊಬ್ಬರು, ಕಾಲೇಜಿನಲ್ಲಿ ಭೌತವಿಜ್ಞಾನ ಹೇಳುವ ಪುರಾವೆ ಮೇಷ್ಟ್ರು. ಅವರ ಪ್ರಕಾರ ಅದು ಆರು ಗಂಟೆಗೆ ಮುಂಚಿನ ಯಾವುದೋ ಕರೆ, ಟೇಪಿನ ದೋಷದಿಂದ ಜಾಗ ಬದಲಿಸಿದ್ದು. ಇವರಿಬ್ಬರ ಬೆನ್ನ ಹಿಂದೆ, ಅಂಗಡಿ ಕಟ್ಟೆಗಳಲ್ಲಿ ಮೂರನೆಯ ವಾದವೊಂದು ಮೆಲ್ಲಗೆ ಓಡಾಡುತ್ತಿತ್ತು: ಯಾವಳದೋ ಜೊತೆ ಓಡಿಹೋದ, ಕೋಟು ಎಸೆದು ಕಣ್ಣಿಗೆ ಮಣ್ಣೆರಚಿದ.

ಈ ಮೂರನೆಯದು ಅಕ್ಕನ ಎದೆಯಲ್ಲಿ ಮುರಿದ ಸೂಜಿಯ ತುದಿಯಂತೆ ಉಳಿದಿತ್ತು. ಅಕ್ಕ ಶಾಲೆಯ ಸಮವಸ್ತ್ರ ಹೊಲಿಯುವವಳು. ಮುಂದಿನ ಕೋಣೆಯಲ್ಲಿ ಯಂತ್ರ, ಕತ್ತರಿ, ಗುಂಡಿಯ ಡಬ್ಬಗಳು, ಕಿಟಕಿ ಪಕ್ಕ ಹಳೆಯ ಟೇಪ್‌ರೆಕಾರ್ಡರು. ದಿನಾ ಬೆಳಿಗ್ಗೆ ಒಂಬತ್ತಕ್ಕೆ ಅವಳು ಅದರ ಗುಂಡಿ ಒತ್ತುತ್ತಿದ್ದಳು. ಇಲಾಖೆಯವರು ನಕಲು ಮಾಡಿಕೊಟ್ಟ ಒಂಬತ್ತರ ಕರೆ, ಹನ್ನೊಂದು ಸೆಕೆಂಡು. ಮುಗಿದ ಮೇಲೆ ಹಿಂದಕ್ಕೆ ಸುತ್ತಿಟ್ಟು ಪೆಡಲಿನ ಮೇಲೆ ಕಾಲಿಡುತ್ತಿದ್ದಳು. ಇನ್ನೊಂದು ಲೋಕ, ಗೀಕ ಎಂಬುದನ್ನೆಲ್ಲ ಅವಳು ಅಷ್ಟಾಗಿ ನಂಬಿದವಳಲ್ಲ. "ಅವರು ಎಲ್ಲಿದ್ರೋ ಏನೋ. ಇದ್ದ ಕಡೆ ಆಕಾಶ ತಿಳಿಯಾಗಿತ್ತಲ್ಲ, ಅಷ್ಟು ಸಾಕು," ಎನ್ನುತ್ತಿದ್ದಳು.

ಪಕ್ಕದ ಓಣಿಯಲ್ಲೇ ಇದ್ದ ಗಿಣಿ ಅಕ್ಕನ ಮನೆಗೆ ಒಂಬತ್ತೂಕಾಲರ ಮೇಲೆಯೇ ಹೋಗುತ್ತಿದ್ದ. ಯಾಕೆಂದರೆ ಆ ಹನ್ನೊಂದು ಸೆಕೆಂಡಿನ ದನಿ ಅವನದು.

ಅದು ಆದದ್ದು ಹೀಗೆ. ತಪ್ಪಲಿನ ಕಚೇರಿಯ ಆಪರೇಟರ್ ಅವನು. ಮೇಲಿನಿಂದ ಬಂದ ಕರೆಯನ್ನು ಮುಖ್ಯ ಕಚೇರಿಯ ಲೈನಿಗೆ ಸೇರಿಸುವುದಷ್ಟೇ ಕೆಲಸ. ನಿಯಮ ಮಾತ್ರ ಬಿಗಿ: ಅಂಕಿಗಳನ್ನು ವೀಕ್ಷಕನೇ ತನ್ನ ಬಾಯಲ್ಲಿ ಹೇಳಬೇಕು. ಕರೆ ತಪ್ಪಿದರೆ ಹೆಸರಿನ ಮುಂದೆ ಒಂದು ಕೆಂಪು ಗೀಟು. ತಿಂಗಳಲ್ಲಿ ಮೂರು ಗೀಟು ಬಿದ್ದರೆ ವರ್ಗ. ಮೇಲಿದ್ದವರಿಗೆ ನಿದ್ದೆ ಎಂಬುದೊಂದು ಇದೆ ಎಂದು ಆ ನಿಯಮ ಬರೆದವರಿಗೆ ನೆನಪಾಗಿರಲಿಲ್ಲ. ಆದ್ದರಿಂದ ಕೆಳಗಿನವರೂ ಮೇಲಿನವರೂ ಸೇರಿ ಒಂದು ದಾರಿ ಮಾಡಿಕೊಂಡಿದ್ದರು. ಯಾರಾದರೂ ಮಲಗಿಬಿಟ್ಟರೆ ಗಿಣಿ ಅವರಿಗೆ 'ದನಿ ಹಾಕುತ್ತಿದ್ದ'. ಮೇಲಿನ ಲೈನು ಸೇರಿಸದೆ, ರಿಸೀವರಿಗೆ ಅರ್ಧ ಅಂಗೈ ಅಡ್ಡ ಹಿಡಿದು, ಮಲಗಿದವನ ದನಿಯಲ್ಲೇ ನಾಲ್ಕು ಅಂಕಿ ಒಗೆಯುವುದು. ಮುಂದಿನ ಕರೆಯಲ್ಲಿ ಕೇಳಿಕೊಂಡು ಮೇಲಿನವನು ರಿಜಿಸ್ಟರಿನಲ್ಲಿ ಅದೇ ಅಂಕಿ ತುಂಬುವುದು. ಹವಾಮಾನ ಇಲಾಖೆಯಲ್ಲಿ ಹವಾ ದೇವರದ್ದು, ಮಾನ ಮಾತ್ರ ನಮ್ಮ ಗಿಣಿ ಕಾಪಾಡುವುದು ಎಂದು ಭಾವನೇ ನಗೆಯಾಡುತ್ತಿದ್ದ.

ಆ ತಿಂಗಳು ಭಾವನ ಹೆಸರಿನ ಮುಂದೆ ಆಗಲೇ ಎರಡು ಗೀಟು ಬಿದ್ದಿದ್ದವು. ಎರಡೂ ಗಿಣಿಯ ಸರದಿ ಇಲ್ಲದ ದಿನ ಬಿದ್ದವು. ಐದು ವರ್ಷದಲ್ಲಿ ನಾಲ್ಕು ಊರು ಕಂಡಿದ್ದ ಅಕ್ಕ ಆಗಷ್ಟೇ ಹೊಲಿಗೆಗೆ ಗಿರಾಕಿ ಹಿಡಿದಿದ್ದಳು. "ಇನ್ನೊಂದು ಊರಿಗೆ ಗಂಟುಮೂಟೆ ಕಟ್ಟೋದು ನನ್ನ ಕೈಲಾಗಲ್ಲ. ನಿನ್ನ ಭಾವನ್ನ ನೋಡ್ಕೊಳ್ಳೋದು ನಿನಗೆ ಬಿಟ್ಟಿದ್ದು," ಎಂದಿದ್ದಳು ತಮ್ಮನಿಗೆ. ಅವನು ನೋಡಿಕೊಂಡ. ಒಂಬತ್ತಕ್ಕೆ ಮೇಲಿನ ಗಂಟೆ ಎಷ್ಟು ಬಾರಿಸಿದರೂ ಯಾರೂ ಎತ್ತದಿದ್ದಾಗ, ಭಾವ ಮತ್ತೆ ಗೊರಕೆ ಹೊಡೆಯುತ್ತಿದ್ದಾನೆ ಎಂದುಕೊಂಡು ದನಿ ಹಾಕಿದ. ಆಪರೇಟರ್ ಕೋಣೆ ಮುಂಚೆ ಕಾಗದಪತ್ರ ತುಂಬುತ್ತಿದ್ದ ಉಗ್ರಾಣ. ಅದಕ್ಕೆ ಕಿಟಕಿ ಇರಲಿಲ್ಲ. ಬೆಳಿಗ್ಗೆ ಐದಕ್ಕೆ ಬಂದು ಕೂತವನಿಗೆ ಆರರ ಕರೆಯಾದ ಮೇಲೆ ಹೊರಗೆ ಮಂಜು ಕವಿದದ್ದು ಗೊತ್ತಿರಲಿಲ್ಲ. ತನ್ನ ಚೀಟಿಯಲ್ಲಿ ಗುರುತು ಹಾಕಿಕೊಂಡಿದ್ದ ಹಿಂದಿನ ದಿನದ ಒಂಬತ್ತರ ಸಾಲನ್ನೇ ಓದಿಬಿಟ್ಟ. ಹಿಂದಿನ ದಿನ ಆಕಾಶ ನಿರ್ಮಲವಾಗಿತ್ತು.

ಅಲ್ಲಿಗೆ ನಿಂತಿದ್ದರೆ ಹೋದದ್ದು ಮೂರು ಗಂಟೆ. ಆದರೆ ಹುಡುಕಲು ಹೊರಟವರು ಕೇಳಿದರು: ಒಂಬತ್ತಕ್ಕೆ ಮಾತಾಡಿದನಾ? ಗಿಣಿ ಹೌದೆಂದ. ಒಂಬತ್ತರ ಕರೆ ಮುಗಿದ ಮೇಲೆ ಪಶ್ಚಿಮದ ಇಳಿಜಾರಿನ ಒರತೆಗೆ ನೀರಿಗೆ ಹೋಗುವುದು ಎಲ್ಲ ವೀಕ್ಷಕರ ರೂಢಿ. ಪೂರ್ವದ ಅಂಚಿನ ಮಳೆಮಾಪಕ ನೋಡಲು ಹೋಗುವುದು ಆರರ ಕರೆ ಮುಗಿದ ಮೇಲೆ, ಇನ್ನೂ ಕತ್ತಲಿರುವಾಗ, ಟಾರ್ಚು ಹಿಡಿದು. ಆದ್ದರಿಂದ ಮೂರು ದಿನ ಇಡೀ ದಂಡು ಪಶ್ಚಿಮದಲ್ಲಿ ಹುಡುಕಿತು. "ಪೂರ್ವದ ಕಡೇನೂ ಒಂದ್ಸಲ ನೋಡಿ ಸಾರ್" ಎಂದು ಗಿಣಿ ಎರಡು ಬಾರಿ ಅಂದ. "ಒಂಬತ್ತಕ್ಕೆ ಮೇಜಿನ ಮುಂದೆ ಇದ್ದವನು ಅಲ್ಲಿಗ್ಯಾಕೆ ಹೋಗ್ತಾನ್ರೀ?" ಎಂದರು ಅಧಿಕಾರಿ. ಆಗ ಬಾಯಿಬಿಡಬೇಕಿತ್ತು. ಊರಿನ ಎಲ್ಲರ ದನಿಯೂ ಇದ್ದ ಆ ಗಂಟಲಿನಲ್ಲಿ ತನ್ನದೊಂದು ದನಿ ಬೇಕಾದಾಗ ಹೊರಡಲಿಲ್ಲ.

ಹೀಗೆ ಮೂವತ್ತೊಂದು ವರ್ಷ. ಅಷ್ಟರಲ್ಲಿ ಒಂದು ಗುರುವಾರ ಪುರಾವೆ ಮೇಷ್ಟ್ರು ಅಕ್ಕನ ಮನೆಗೆ ಬಂದರು.

"ಅಮ್ಮಾ, ಈ ಭಾನುವಾರ ಗ್ರಂಥಾಲಯದ ಮಹಡಿ ಮೇಲೆ ಚರ್ಚೆ ಇಟ್ಕೊಂಡಿದೀವಿ. ನಾನೂ ರಾಯರೂ. ನೀವು ಮುಂದಿನ ಸಾಲಿನಲ್ಲಿ ಕೂತ್ಕೋಬೇಕು," ಎಂದರು. ಮೇಷ್ಟ್ರಿಗೆ ಪ್ರತಿ ವಾಕ್ಯದ ಕೊನೆಗೂ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಚುಕ್ಕಿ ಇಟ್ಟಂತೆ ನಿಲ್ಲುವ ಅಭ್ಯಾಸ.

"ಏನು ಮೇಷ್ಟ್ರೇ, ಈ ಸಲವಾದ್ರೂ ಗೆಲ್ತೀರಾ, ಇಲ್ಲ ಮತ್ತೆ ರಾಯರ ಲೋಕದವರು ಬಂದು ನಿಮ್ಮನ್ನ ಎತ್ಕೊಂಡು ಹೋಗ್ತಾರಾ?" ಎಂದಳು ಅಕ್ಕ, ಗುಂಡಿಮನೆ ಹೊಲಿಯುತ್ತ.

"ಈ ಸಲ ವಾದ ಇಲ್ಲಮ್ಮ. ಯಂತ್ರ. ನನ್ನ ಶಿಷ್ಯನೊಬ್ಬ ತಂದಿದಾನೆ. ಎರಡು ದನಿ ಕೊಟ್ರೆ ಒಬ್ಬರದ್ದೇನಾ ಬೇರೆಯವರದ್ದಾ ಅಂತ ಗೆರೆ ಎಳೆದು ತೋರಿಸುತ್ತೆ. ನಿಮ್ಮ ಯಜಮಾನರ ಬೇರೆ ಯಾವುದಾದ್ರೂ ಟೇಪು ಇದೆಯಾ?"

ಇತ್ತು. ರೆಕಾರ್ಡರು ಕೊಂಡ ದಿನ ಭಾವ ಪರೀಕ್ಷೆಗೆಂದು ಪತ್ರಿಕೆಯ ಒಂದು ಪುಟ ಪೂರ್ತಿ ಓದಿದ್ದ, ಎಮ್ಮೆ ಮಾರಾಟದ ಜಾಹೀರಾತನ್ನೂ ಬಿಡದೆ. ಅಕ್ಕ ಎದ್ದು, ಕಪಾಟಿನಿಂದ ಆ ಕ್ಯಾಸೆಟ್ ತೆಗೆದು ಕೊಟ್ಟಳು. ಮೇಷ್ಟ್ರು ಗಿಣಿಯ ಕಡೆ ತಿರುಗಿ ಜೇಬಿನಿಂದ ಫೋನು ತೆಗೆದರು.

"ನಿಮ್ಮದೂ ಎರಡು ಮಾತು ಬೇಕು ಗಿಣಿಯವರೇ. ಆ ದಿನ ಲೈನಿನಲ್ಲಿ ಇದ್ದವರು ನೀವಿಬ್ಬರೇ ಅಲ್ವಾ. ಬರೀ ಶಾಸ್ತ್ರಕ್ಕೆ."

"ಏನು ಹೇಳ್ಲಿ?"

"ಏನಾದ್ರೂ. ನಿಮ್ಮ ಸ್ವಂತ ದನಿಯಲ್ಲಿ ಹೇಳಿ, ರಾಯರ ದನಿಯಲ್ಲಿ ಬೇಡ," ಎಂದು ಮೇಷ್ಟ್ರು ತಾವೇ ನಕ್ಕರು.

ಗಿಣಿ ಒಂದರಿಂದ ಹತ್ತು ಎಣಿಸಿದ. ಏಳರ ಹತ್ತಿರ ನೀರು ಕುಡಿಯಬೇಕಾಯಿತು.

ಶುಕ್ರವಾರ ಅವನು ಮನೆಯಿಂದ ಹೊರಬೀಳಲಿಲ್ಲ. ಯಂತ್ರ ಭಾನುವಾರ ನೂರು ಜನರೆದುರು ಅಕ್ಕನಿಗೆ ಹೇಳುವುದಕ್ಕಿಂತ ಮುಂಚೆ ತಾನು ಹೇಳಬೇಕು. ಹೇಳಿದರೆ ಅಕ್ಕನಿಗೆ ಉಳಿದಿರುವ ಹನ್ನೊಂದು ಸೆಕೆಂಡಿನ ಗಂಡನೂ ಹೋಗುತ್ತಾನೆ, ಬಹುಶಃ ತಮ್ಮನೂ. ಶನಿವಾರ, ಎಷ್ಟೋ ವರ್ಷಗಳಲ್ಲಿ ಮೊದಲ ಸಲ, ಒಂಬತ್ತಕ್ಕೆ ಐದು ನಿಮಿಷ ಇರುವಾಗ ಅಕ್ಕನ ಬಾಗಿಲಲ್ಲಿ ನಿಂತ.

"ಏನೋ ಇದು, ಸೂರ್ಯ ಇವತ್ತು ಯಾವ ಕಡೆ ಹುಟ್ಟಿದ?" ಎಂದಳು ಅಕ್ಕ. ಮೊಣಕಾಲ ಮೇಲೆ ನೀಲಿ ಬಟ್ಟೆ, ತುಟಿಗಳ ನಡುವೆ ಗುಂಡುಸೂಜಿ. ಗಡಿಯಾರ ನೋಡಿ, ರೆಕಾರ್ಡರಿನ ಕಡೆ ಕೈಚಾಚಿದಳು. ಗಿಣಿ ಅದರ ಗುಂಡಿಯ ಮೇಲೆ ತನ್ನ ಅಂಗೈ ಇಟ್ಟ.

"ಅದು ಬೇಡ ಅಕ್ಕ, ಇವತ್ತು."

"ಯಾಕೆ, ನಿಂಗೇನಾಯ್ತು?"

"ಅದು ಭಾವ ಅಲ್ಲ."

"ಏನಲ್ಲ?"

"ಅದರೊಳಗೆ ಮಾತಾಡ್ತಿರೋದು. ಅದು ನಾನು."

ಅಕ್ಕ ತುಟಿಯ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ದಿಂಬಿಗೆ ಚುಚ್ಚಿದಳು. "ಬೆಳಿಗ್ಗೆ ಬೆಳಿಗ್ಗೆ ನಿನ್ನ ಕೋತಿಯಾಟ ಶುರು ಹಚ್ಕೋಬೇಡ. ಬಟ್ಟೆ ಹನ್ನೊಂದಕ್ಕೆ ಕೊಡ್ಬೇಕು."

ಅವನು ಹೇಳಿದ. ಕೆಂಪು ಗೀಟು, ಅರ್ಧ ಅಂಗೈ, ಹಿಂದಿನ ದಿನದ ಸಾಲು, ಕಿಟಕಿಯಿಲ್ಲದ ಕೋಣೆ. ಪಶ್ಚಿಮ, ಪೂರ್ವ. ಯಾರ ದನಿಯನ್ನೂ ಮಾಡದೆ, ಕಟ್ಟಿದ ಹಲ್ಲು ಟಕಟಕ ಎನ್ನುತ್ತಿದ್ದರೂ ನಿಲ್ಲಿಸದೆ ಹೇಳಿದ. ಅಕ್ಕ ಯಂತ್ರದ ಚಕ್ರದ ಮೇಲೆ ಕೈ ಇಟ್ಟುಕೊಂಡು ಕೂತಿದ್ದಳು. ಚಕ್ರ ತಿರುಗಲಿಲ್ಲ. ಒಂಬತ್ತು ಹೊಡೆದು, ಒಂಬತ್ತೂಕಾಲೂ ಆಯಿತು.

"ಕೋಟು," ಎಂದಳು ಕೊನೆಗೆ. "ಬಲತೋಳಿನ ಕಂಕುಳ ಹೊಲಿಗೆ ಬಿಟ್ಟಿತ್ತು. ನಾನೇ ಜೋಡಿ ದಾರದಲ್ಲಿ ಹೊಲಿದ ಕೋಟು ಅದು. ಗಾಳಿಗೆ ಹಾರಿ ಬಿದ್ರೆ ಹಂಗೆ ಬಿಡೋ ಹೊಲಿಗೆ ಅಲ್ಲ. ಎರಡು ತೋಳೂ ಸೇರಿಸಿ ಪೊದೆಗೆ ಗಂಟು ಹಾಕಿ, ಮೈಭಾರ ಬಿಟ್ಟು ಜಗ್ಗಿದ್ರೆ ಬಿಡುತ್ತೆ. ಪೊಲೀಸರಿಗೆ ಹೇಳ್ದೆ. ಒಂಬತ್ತಕ್ಕೆ ಕೋಣೆಯಲ್ಲಿ ಇದ್ದವರು ಅಲ್ಲಿ ಯಾಕೆ ಗಂಟು ಹಾಕ್ತಾರಮ್ಮ ಅಂದ್ರು. ನಂಗೂ ಸರಿ ಅನ್ನಿಸ್ತು."

"ಹೂಂ ಅಕ್ಕ."

"ಹಂಗಾದ್ರೆ ಅವರೇ ಕಟ್ಟಿದ್ದು."

"ಹೂಂ."

"ಯಾರಿಗಾದ್ರೂ ಕಾಣ್ಲಿ ಅಂತ. ಇಲ್ಲ, ಹಿಡ್ಕೊಂಡು ಹತ್ತೋಣ ಅಂತ." ಅವಳ ಕೈ ಮೊಣಕಾಲ ಮೇಲಿನ ನೀಲಿ ಬಟ್ಟೆಯ ತೋಳನ್ನು ಹುಡುಕಿ ಹಿಡಿದುಕೊಂಡಿತು. "ಎಷ್ಟೊತ್ತು ಕಾದಿರ್ತಾರೆ?"

"ಗೊತ್ತಿಲ್ಲ."

"ಒಂದು ದಿನ?"

ಅವನು ರೆಕಾರ್ಡರಿನ ಗುಂಡಿಯಿಂದ ಅಂಗೈ ತೆಗೆದ.

"ಎರಡು?"

ಹೊರಗೆ ಯಾರೋ ಸೈಕಲ್ ಬೆಲ್ ಬಾರಿಸಿ ಹೋದರು. ಮೂವತ್ತೊಂದು ವರ್ಷ ಅಕ್ಕನ ಗಂಡ ತಿಳಿಯಾದ ಆಕಾಶದ ಕೆಳಗೆ ಎಲ್ಲೋ ನಡೆಯುತ್ತಿದ್ದ. ಈಗ ಅವನು ಮಂಜಿನಲ್ಲಿ, ಹೊರಚಾಚಿದ ಒಂದು ಬಂಡೆಯ ಮೇಲೆ, ಕನ್ನಡಕವಿಲ್ಲದೆ ಕೂತಿದ್ದ. ಬೆಟ್ಟದ ಆಚೆ ಬದಿಯಲ್ಲಿ ತನ್ನನ್ನು ಕೂಗುವವರ ದನಿ ಕೇಳಿಸಿಕೊಳ್ಳುತ್ತ. ಗಿಣಿ ಅವನನ್ನು ಅಲ್ಲಿ ನೋಡುತ್ತ ಬಂದು ಮೂವತ್ತೊಂದು ವರ್ಷವಾಗಿತ್ತು. ಅಕ್ಕ ನೋಡುತ್ತಿದ್ದದ್ದು ಈಗ, ಮೊದಲ ಸಲ.

"ಇನ್ನೊಂದು ಊರಿಗೆ ಬರಲ್ಲ ಅಂದಿದ್ದೆ ನಾನು. ಅದಕ್ಕೇ ಮಾಡ್ದೆಯಾ?"

"ನಿನ್ನ ಮೇಲೆ ಹಾಕ್ತಿಲ್ಲ ಅಕ್ಕ."

"ಹಾಕ್ಬೇಡ. ಹಾಕಿದ್ರೂ ನಾನು ಹೊತ್ಕೊಳ್ಳಲ್ಲ." ಅವಳು ಎದ್ದು ರೆಕಾರ್ಡರಿನ ವೈರು ಕಿತ್ತು, ಅದಕ್ಕೆ ಸುತ್ತಿದಳು. "ನಾಳೆ ಅಲ್ಲಿ ಹೇಳು. ಓಡಿಹೋದ ಅಂದವರೂ ಬಂದಿರ್ತಾರೆ. ಅವರ ಮುಂದೆ ಹೇಳು. ನಿನ್ನ ಭಾವ ಎಲ್ಲಿಗೂ ಓಡಿಹೋಗ್ಲಿಲ್ಲ, ಅಲ್ಲೇ ಕೂತಿದ್ರು ಅಂತ ಹೇಳು."

"ಹೇಳ್ತೀನಿ."

"ಈಗ ಹೋಗು. ಬಟ್ಟೆ ಕೊಡ್ಬೇಕು ನಾನು."

ಭಾನುವಾರ ಗ್ರಂಥಾಲಯದ ಮಹಡಿಯಲ್ಲಿ ಕುರ್ಚಿ ಸಾಲದೆ ಜನ ಕಿಟಕಿಗಳಲ್ಲಿ ಕೂತಿದ್ದರು. ಮೇಜಿನ ಮೇಲೆ ಒಂದು ಲ್ಯಾಪ್‌ಟಾಪು, ಗೋಡೆಗೆ ಬಿಳಿ ಬಟ್ಟೆ. ನಿಗೂಢರಾಯರು ಮೊದಲು ಮಾತಾಡಿದರು. ಅವರದ್ದು ಮಂದ್ರದಲ್ಲಿ ಶುರುವಾಗಿ ಅಲ್ಲೇ ಉಳಿಯುವ ದನಿ, ನೆಲಮಾಳಿಗೆಯಲ್ಲಿ ಪೀಪಾಯಿ ಉರುಳಿಸಿದ ಹಾಗೆ. "ವಿವರಿಸಬಹುದು ಎಂಬುದೇ ಒಂದು ಮೂಢನಂಬಿಕೆ," ಎಂದರು; ಚಪ್ಪಾಳೆ ಬಿತ್ತು. ಮೇಷ್ಟ್ರು ಎದ್ದು, "ವಿವರಿಸಲಾಗದು ಎಂಬುದು ಸೋಮಾರಿತನ," ಎಂದರು, ಅದಕ್ಕೂ ಬಿತ್ತು. ಆಮೇಲೆ ಯಂತ್ರ ಹಚ್ಚಿದರು. ಬಿಳಿ ಬಟ್ಟೆಯ ಮೇಲೆ ಎಮ್ಮೆ ಮಾರಾಟ ಓದುವ ದನಿಯ ನೀಲಿ ಗೆರೆ. ಅದರ ಮೇಲೆ ಒಂಬತ್ತು ಗಂಟೆಯ ದನಿಯ ಕೆಂಪು ಗೆರೆ. ಎರಡೂ ಒಂದರ ಮೇಲೊಂದು ಕೂತವು. ಹತ್ತರವರೆಗೆ ಎಣಿಸಿದ ಗಿಣಿಯ ಹಸಿರು ಗೆರೆ ದೂರದಲ್ಲಿ ಎಲ್ಲೋ ತನ್ನ ಪಾಡಿಗೆ ಏರಿಳಿಯುತ್ತಿತ್ತು.

"ಇದು ನೂರಕ್ಕೆ ತೊಂಬತ್ತೊಂದು ಪಾಲು ವೀಕ್ಷಕರದ್ದೇ ದನಿ," ಎಂದರು ಮೇಷ್ಟ್ರು, ಚುಕ್ಕಿ ಇಟ್ಟು.

"ನಾನೂ ಅದನ್ನೇ ಹೇಳ್ತಾ ಬಂದದ್ದು," ಎಂದರು ರಾಯರು. ಇಪ್ಪತ್ತು ವರ್ಷಗಳಲ್ಲಿ ಮೊದಲ ಸಲ ಇಬ್ಬರೂ ಕೈ ಕುಲುಕಿದರು.

ಗಿಣಿ ಆ ಗೆರೆಗಳನ್ನು ನೋಡಿದ. ಸುಮ್ಮನೆ ಕೂತರೆ ಆಯಿತು. ಯಂತ್ರವೇ ಅವನ ಪರವಾಗಿ ಸುಳ್ಳು ಹೇಳಿ ಮುಗಿಸಿತ್ತು. ಮುಂದಿನ ಸಾಲಿನಲ್ಲಿ ಅಕ್ಕ ಹಿಂತಿರುಗಿ ನೋಡಲಿಲ್ಲ. ಅವಳ ಬೆನ್ನು ಮಾತ್ರ ನೆಟ್ಟಗಿತ್ತು. ಅವನು ಎದ್ದು ನಿಂತ.

"ಅದು ಅವರ ದನಿ ಅಲ್ಲ. ನನ್ನದು."

ಮೊದಲು ನಗು ಬಂತು. ಗಿಣಿ ಎದ್ದು ನಿಂತರೆ ಜನ ನಗುವುದು ಆ ಊರಿನ ಅಭ್ಯಾಸ. ಅವನು ಮುಂದುವರಿಸಿದಂತೆ ನಗು ಕಡಿಮೆಯಾಗಿ ಗುಸುಗುಸು ಆಯಿತು. ಗೀಟು, ನಿದ್ದೆ, ದನಿ ಹಾಕುವುದು, ಪೂರ್ವದ ಅಂಚು, ಕೋಟಿನ ಗಂಟು, ಎಲ್ಲ ಹೇಳಿದ. ಅವರು ಓಡಿಹೋಗಲಿಲ್ಲ, ಕಾಯುತ್ತ ಕೂತಿದ್ದರು ಎಂದೂ ಹೇಳಿದ. ಹೇಳಿ ಮುಗಿಸಿದಾಗ ಮೇಷ್ಟ್ರ ಮುಖದಲ್ಲಿ ತಪ್ಪು ಉತ್ತರ ಬರೆದ ಒಳ್ಳೆಯ ಹುಡುಗನನ್ನು ನೋಡುವ ಕನಿಕರವಿತ್ತು.

"ಗಿಣಿಯವರೇ, ನಿಮ್ಮ ದುಃಖ ಅರ್ಥವಾಗುತ್ತೆ. ಆದ್ರೆ ಇಲ್ಲಿ ಗೆರೆ ನೋಡಿ. ನಿಮ್ಮದು ಎಲ್ಲಿದೆ, ಅವರದ್ದು ಎಲ್ಲಿದೆ."

"ಅದು ನಾನು ಮಾಡಿದ ಅವರ ದನಿ ಮೇಷ್ಟ್ರೇ."

"ಹಾಗಾದ್ರೆ ಈಗ ಮಾಡಿ ತೋರ್ಸಿ," ಎಂದರು ಕಿಟಕಿಯಲ್ಲಿ ಕೂತಿದ್ದವರು ಯಾರೋ.

ಗಿಣಿ ಗಂಟಲು ಸರಿಮಾಡಿಕೊಂಡ. ಅಂಗೈಯನ್ನು ಬಾಯಿಗೆ ಅರ್ಧ ಅಡ್ಡ ಹಿಡಿದ. "ಆಕಾಶ ನಿರ್ಮಲ," ಎಂದ. ಹೊರಬಂದದ್ದು ಒಬ್ಬ ಮುದುಕನ ಒಡಕು ದನಿ. ಇನ್ನೊಮ್ಮೆ ಹೇಳಿದ. ಹಲ್ಲು ಸಡಿಲವಾಗಿ ಮಾತು ಜಾರಿತು. ಹಲ್ಲು ತೆಗೆದು ಕರವಸ್ತ್ರದಲ್ಲಿ ಸುತ್ತಿ ಜೇಬಿಗಿಟ್ಟು ಮೂರನೆಯ ಸಲ ಪ್ರಯತ್ನಿಸಿದ. ಆಗ ಅದು ಯಾರ ದನಿಯೂ ಆಗಿರಲಿಲ್ಲ. ಮೂವತ್ತೊಂದು ವರ್ಷ ಬಾಯಿಗೆ ತಾರದ ಆ ದನಿ ಯಾವಾಗಲೋ ಅವನನ್ನು ಬಿಟ್ಟು ಹೋಗಿತ್ತು. ಯಾರೋ ಒಬ್ಬರು ಸಮಾಧಾನಕ್ಕೆಂಬಂತೆ ಚಪ್ಪಾಳೆ ತಟ್ಟಿದರು, ಉಳಿದವರೂ ತಟ್ಟಿದರು.

"ಬಹಳ ಮನ ಕಲಕುವಂಥದ್ದು," ಎಂದರು ರಾಯರು. "ನನ್ನ ಪುಸ್ತಕದಲ್ಲಿ ಈಗಾಗಲೇ ಹನ್ನೆರಡು ವಾದಗಳಿವೆ. ಇದು ಹದಿಮೂರನೆಯದು. ನನ್ನ ಮುಂದಿನ ಆವೃತ್ತಿಯಲ್ಲಿ ಖಂಡಿತ ಸೇರಿಸ್ತೀನಿ. ಗಿಣಿ ವಾದ."

ಮೇಷ್ಟ್ರು ಅಕ್ಕನ ಕಡೆ ಬಾಗಿದರು. "ಅಮ್ಮಾ, ಇದನ್ನ ನೀವೇ ಮುಗಿಸ್ಬೇಕು. ನಿಮಗಿಂತ ದೊಡ್ಡ ಪುರಾವೆ ಯಾವುದಿದೆ? ಅದು ನಿಮ್ಮ ಯಜಮಾನರ ದನಿ ತಾನೇ?"

ಅಕ್ಕ ಕುರ್ಚಿಯ ಕೈ ಹಿಡಿದು ನಿಂತಳು. ಹೌದು ಎಂದರೆ ಆಕಾಶ ಮತ್ತೆ ತಿಳಿಯಾಗುತ್ತಿತ್ತು. ಇಡೀ ಸಭೆ ಅದನ್ನೇ ಕಾಯುತ್ತಿತ್ತು, ಯಂತ್ರವೂ ಅದನ್ನೇ ಹೇಳಿತ್ತು.

"ಅಲ್ಲ," ಎಂದಳು. "ನನ್ನ ತಮ್ಮನದ್ದು."

"ನಿನ್ನೆ ತನಕ ನೀವೇ..."

"ನಿನ್ನೆ ತನಕ ನಂಗೆ ಗೊತ್ತಿರ್ಲಿಲ್ಲ. ಈಗ ಗೊತ್ತು. ನಮ್ಮ ಯಜಮಾನರು ಆ ಹೊತ್ತಿಗೆ ಬೆಟ್ಟದ ಪೂರ್ವಕ್ಕೆ ಬಿದ್ದಿದ್ರು. ಕೋಟು ಕಟ್ಟಿ ಕಾಯ್ತಿದ್ರು. ಯಾರೂ ಹೋಗ್ಲಿಲ್ಲ."

ಆಮೇಲೆ ಮೇಷ್ಟ್ರು ಮೆತ್ತಗೆ, "ಅಮ್ಮನಿಗೆ ಆಯಾಸ ಆಗಿದೆ. ಒಡಹುಟ್ಟಿದವನ ಮಾತು, ಬಿಟ್ಟುಕೊಡೋಕೆ ಆಗುತ್ತಾ," ಎಂದು, ಯಾರಿಗೋ ನೀರು ತರಲು ಹೇಳಿದರು. ಹಿಂದಿನ ಸಾಲಿನಲ್ಲಿ ಒಬ್ಬ ಇನ್ನೊಬ್ಬನಿಗೆ, "ಓಡಿಹೋದ ಗಂಡನ ಮಾನ ಮುಚ್ಚೋಕೆ ಏನೇನು ಮಾಡ್ಬೇಕು ನೋಡು ಪಾಪ," ಎಂದದ್ದು ಗಿಣಿಗೆ ಕೇಳಿಸಿತು. ಅಕ್ಕನಿಗೂ ಕೇಳಿಸಿತು. ಅವಳು ನೀರು ಬೇಡವೆಂದು, ಚೀಲ ಹೆಗಲಿಗೇರಿಸಿ ಮೆಟ್ಟಿಲಿಳಿದಳು.

ಬಸ್ ನಿಲ್ದಾಣದ ಸಿಮೆಂಟು ಬೆಂಚಿನ ಒಂದು ತುದಿಯಲ್ಲಿ ಅವಳು, ಇನ್ನೊಂದು ತುದಿಯಲ್ಲಿ ಅವನು. ನಡುವೆ ಇಬ್ಬರು ಕೂರುವಷ್ಟು ಜಾಗ. ಮಧ್ಯಾಹ್ನದ ಬಿಸಿಲಿಗೆ ಬೀದಿಯಲ್ಲಿ ಯಾರೂ ಇರಲಿಲ್ಲ. ಎದುರಿನ ಗೋಡೆಯ ಮೇಲೆ ಆ ದಿನದ ಚರ್ಚೆಯ ಭಿತ್ತಿಪತ್ರ. ಅದರಲ್ಲಿ ಭಾವನ ಹಳೆಯ ಪಟ, ಪಕ್ಕದಲ್ಲಿ ಒಂದು ದೊಡ್ಡ ಪ್ರಶ್ನೆಚಿಹ್ನೆ.

"ಆರು ಗಂಟೇದು?" ಎಂದಳು ಅಕ್ಕ, ಅವನನ್ನು ನೋಡದೆ. "ಅದಾದ್ರೂ ಅವರದ್ದೇನಾ?"

"ಅದು ಭಾವಂದೇ. ದೇವರಾಣೆಗೂ."

"ಆ ಟೇಪು ಯಾರೂ ಇಟ್ಟಿಲ್ಲ."

"ಇಲ್ಲ. ಒಂಬತ್ತರದ್ದು ಮಾತ್ರ ಇಟ್ಕೊಂಡ್ರು. ಉಳಿದಿದ್ದೆಲ್ಲ ಅಳಿಸಿದ್ರು."

"ಏನಂದ್ರು?"

ಗಿಣಿ ಬಾಯಿ ತೆರೆದ. ಎಲ್ಲಿಂದಲೋ, ತಾನಾಗಿ, ಗಂಟಲು ಸರಿಮಾಡಿಕೊಳ್ಳುವ ಸದ್ದು ಶುರುವಾಯಿತು. ಅಕ್ಕ ಕೈಯೆತ್ತಿದಳು.

"ಅವರ ಹಂಗೆ ಹೇಳ್ಬೇಡ. ನಿನ್ನ ಹಂಗೆ ಹೇಳು."

ಅವನು ಹಲ್ಲು ಹಾಕಿಕೊಂಡ. "ಅಂಕಿ ಎಲ್ಲ ಹೇಳಿದ್ರು. ಆಮೇಲೆ ಲೈನು ಬಿಡೋಕೆ ಮುಂಚೆ, ಕೈಗವಸು ಒಂದೇ ಇದೆ ಕಣೋ, ಎಡಗೈದು ಸಿಕ್ತಿಲ್ಲ, ಬೆರಳು ಮರಗಟ್ಟಿ ಹೋಗಿದೆ ಅಂದ್ರು. ಮನೇಲೇ ಬಿಟ್ಟು ಬಂದಿದೀನೇನೋ, ನಿಮ್ಮಕ್ಕನ್ನ ಕೇಳು ಅಂದ್ರು. ಕೇಳ್ತೀನಿ ಅಂದೆ."

"ನೀನು ಕೇಳ್ಲಿಲ್ಲ."

"ಇಲ್ಲ."

ಬಿಸಿಲಲ್ಲಿ ಬಸ್ಸಿನ ಧೂಳು ಕಂಡಿತು. ಅಕ್ಕ ಎದ್ದು ಸೆರಗು ಕೊಡವಿಕೊಂಡಳು.

"ಮನೇಲೇ ಇತ್ತು," ಎಂದಳು. "ಹೊಲಿಗೆ ಯಂತ್ರದ ಕೆಳಗೆ. ಹೊಲಿದು ಕೊಡ್ತೀನಿ ಅಂತ ಇಸ್ಕೊಂಡಿದ್ದೆ."

ಬಸ್ಸು ಅರ್ಧಕ್ಕರ್ಧ ಖಾಲಿಯಿತ್ತು. ಅಕ್ಕ ಕಿಟಕಿಯ ಬದಿಗೆ ಕೂತು, ಪಕ್ಕದ ಸೀಟಿನ ಮೇಲೆ ಚೀಲ ಇಟ್ಟಳು. ಗಿಣಿ ಅಲ್ಲೇ, ಕಂಬಿ ಹಿಡಿದು, ಆ ಚೀಲದ ಪಕ್ಕದಲ್ಲಿ ನಿಂತ. ಹಿಂದೆ ಬೇಕಾದಷ್ಟು ಸೀಟುಗಳಿದ್ದವು. ಕಂಡಕ್ಟರು ಎರಡು ಸಲ ಕೂತ್ಕೊಳ್ಳಿ ಯಜಮಾನ್ರೇ ಎಂದ. ಅಕ್ಕ ಇಳಿಯುವವರೆಗೂ ಚೀಲ ತೆಗೆಯಲಿಲ್ಲ. ಅವನೂ ನಿಂತೇ ಇದ್ದ.